ಮಾವಶಿಯ ಎಂಟು ದಿನದ ಮಳಿ

ಖರೇ ಹೇಳ್ತೀನಿ, ತಪ್ಪು ಮಾಡಿದ್ದು ನಾನು. ಅದನ್ನ ಮುಚ್ಚಾಕ ಹೋದದ್ದು ಇನ್ನೂ ದೊಡ್ಡ ತಪ್ಪು.

ಬೆಳಗಾವಿ ಹಿಂದವಾಡಿಯಾಗ ನಮ್ಮದೊಂದು ಸಣ್ಣ ಆಫೀಸು. ಊರೂರಿನ ಮಳಿ ದಾಖಲು ಮಾಡೋ ಸಾಫ್ಟ್‌ವೇರ್ ಕೆಲಸ. ನಾನು, ನನ್ನ ವಯಸ್ಸಿನವರೇ ಒಬ್ಬ ಸಾಹೇಬ್ರು, ಇಬ್ಬರೇ ಮಂದಿ. ಇಬ್ಬರ ಕೆಲಸಾನೂ ಒಂದೇ ರಿಪಾಸಿಟರಿಯಾಗ ಇರ್ತೈತಿ. ಒಂದು ಕಪಾಟು ಅಂತ ತಿಳ್ಕೋರಿ. ಯಾರು ಏನಿಟ್ರು, ಏನು ತಗದ್ರು ಅಂತ ಅದೇ ಬರಕೊಂತ ಹೋಗ್ತೈತಿ. ಹಂಗ ಇಟ್ಟ ಒಂದೊಂದಕ್ಕೂ ಕಮಿಟ್ ಅಂತೀವಿ.

ಘಟ್ಟದ ಕಾಡಿನಾಗಿನ ಕಣಕುಂಬಿಯಿಂದ ವಯಸ್ಸಾದ ಒಬ್ಬರು ಮಾವಶಿ ದಿನಾ ಮುಂಜಾನಿ ಫೋನ್ ಮಾಡೋರು. ದನಾ ಬಿಡೂಕಿಂತ ಮೊದಲ ಡಬ್ಬಿಯಾಗಿನ ಮಳಿನೀರು ಅಳದು, ಬಳಪದಲೇ ಪಾಟಿ ಮ್ಯಾಲೆ ಬರದು, ನೆಟ್‌ವರ್ಕ್ ಸಿಗೋ ದಿಬ್ಬ ಹತ್ತೋರು. ನಾ "ಬರಕೊಂಡೆ ಮಾವಶಿ" ಅಂದ ಮ್ಯಾಲೆ ಸೆರಗಿಲೇ ಪಾಟಿ ಒರಸೋರು. ಸೀರಿ ಸೆರಗಿನ ಆ ಸಪ್ಪಳ, ಅದರ ಹಿಂದ ಮಳಿ. ಕಣ್ಣು ಮುಚ್ಚಿದ್ರ ನನ್ನ ಕುರ್ಚಿ ಕಾಡಿನಾಗ ತೇಲಿದಂಗ ಅನಸೋದು.

ಸಾಹೇಬ್ರು ಎಂಟು ದಿನ ರಜಾ ಹಾಕಿ ಲೋಂಡಾದಾಗ ಅತ್ತಿ ಮನಿಗೆ ಹೋದ್ರು. ರಜಾ ಮುಗಿಯಾಕ ಬಂದಾಗ ನಾ ಶಾಣ್ಯಾತನ ಮಾಡಿ ಇಡೀ ಮಳಗಾಲದ ದಾಖಲಿಗೆ ಒಂದು ನಿಯಮ ಹಾಕಿದೆ: ದಿನದ ಮಳಿ ನೂರು ಮಿಲಿಮೀಟರ್ ಮುಟ್ಟಿ ಮೂರಂಕಿ ಬಂದ್ರ ಅದು ಟೈಪಿಂಗ್ ತಪ್ಪು, ತಗದ್ಹಾಕು. ಬೆಳಗಾವಿ ಬುದ್ಧಿ! ಅಷ್ಟು ಮಳಿ ಹಿಂದವಾಡಿಯಾಗ ಬಿದ್ರ ನಾವು ಆಫೀಸಿಗೆ ಈಜಿಕೊಂತ ಬರಬೇಕು.

ಮರುದಿನ ಮಾವಶಿ ಕೇಳಿದ್ರು, "ಅಕ್ಕಾರ, ಈ ವರ್ಷದ ಜೋರ ಮಳಿ ಎಷ್ಟು? ಬಾಜು ಮನಿಯಾಕಿ ಜೋಡಿ ಪಂದ್ಯ ಕಟ್ಟೀನಿ."

"ತೊಂಬತ್ತಾರು ಮಿಲಿಮೀಟರ್, ಮಾವಶಿ."

"ಅಯ್ಯ, ಅಷ್ಟು ನಮ್ಮಲ್ಲಿ ನಾಷ್ಟಾ ಆಗೋದ್ರಾಗ ಬೀಳ್ತೈತಿ! ಸರ್ಯಾಗಿ ನೋಡ್ರಿ."

ನೋಡಿದೆ. ದೊಡ್ಡ ಮಳಿ ಒಂದೂ ಇಲ್ಲ. ಸಾಹೇಬ್ರಿಗೆ ಗೊತ್ತಾಗಬಾರದು ಅಂತ ನನ್ನ ಕಮಿಟ್ಟಿನ ಗುರ್ತೇ ಇಲ್ಲದಂಗ ಮಾಡಾಕ ಹೋದೆ. ಹಿಂದ ಸರದು ಸರದು, ಲೆಕ್ಕ ತಪ್ಪಿ, ಮಳಗಾಲ ಶುರು ಆಗೂಕಿಂತ ಮೊದಲಿನ ದಿನಕ್ಕ ಹೋಗಿ ನಿಂತೆ, ಅದನ್ನೇ ಜಬರ್ದಸ್ತಿಲೇ ನಮ್ಮ ಕಪಾಟು ಇರೋ ಸರ್ವರ್‌ಗೆ ತಳ್ಳಿದೆ. ಗಾಬರಿಗೆ ನನ್ನ ಲ್ಯಾಪ್‌ಟಾಪಿನ ಫೋಲ್ಡರೂ ಅಳಿಸಿದೆ. ಇಡೀ ಮಳಗಾಲ ಹೋತು. ಪಾಟಿ ಅಂತೂ ದಿನಾ ಒರಸಿದ್ದು.

ಉಳದದ್ದು ಒಂದೇ, ಸಾಹೇಬ್ರ ಲ್ಯಾಪ್‌ಟಾಪು; ಅದರಾಗೂ ಕಪಾಟಿನ ಒಂದು ಪ್ರತಿ ಇರ್ತೈತಿ. ಮರುದಿನ ಮುಂಜಾನಿ ಲೋಂಡಾದ ರೈಲು ಹತ್ತಿದೆ. ಖಾನಾಪುರ ದಾಟಿದ ಮ್ಯಾಲೆ ಮಂಜು ಕಿಟಕಿಯೊಳಗ ಬಂತು. ಗಿಡಾ ಯಾವುದು, ಮೋಡಾ ಯಾವುದು ತಿಳೀಲಿಲ್ಲ. ನಾ ಅಳಿಸಿದ ಮುಂಜಾನಿಗಳೆಲ್ಲಾ ಇಲ್ಲೇ ಬಂದು ನಿಂತಾವೇನೋ ಅನಿಸ್ತು.

ನಾ ಫೋನ್ ಮಾಡಿದ್ದಕ್ಕ ಸಾಹೇಬ್ರು ಲ್ಯಾಪ್‌ಟಾಪ್ ತಗೊಂಡು ಲೋಂಡಾ ಪ್ಲಾಟ್‌ಫಾರ್ಮಿನ ಬೆಂಚಿನ ಮ್ಯಾಲೆ ಕುಂತಿದ್ರು. "ಬರ್ರಿ ಮೇಡಂ, ಕುಂದರ್ರಿ. ಸರ್ವರ್‌ಗೆ ಬೆಂಕಿ ಹಚ್ಚಿ ಬಂದಂಗ ಐತಿ ಮಾರಿ."

"ಹಚ್ಚೇ ಬಂದೀನಿ," ಅಂತ ಎಲ್ಲಾ ಹೇಳಿದೆ.

"ತಪ್ಪು ಕಮಿಟ್ ಆದ್ರ ಅದನ್ನ ತಿರುಗಿಸೋ ಇನ್ನೊಂದು ಕಮಿಟ್ ಮ್ಯಾಲೆ ಇಡೋದ್ರಿ. ಇಬ್ಬರ ಕಪಾಟಿನಾಗ ಹಿಂದಿಂದು ಕೀಳ್ತಾರೇನು? ಯಾರಿಗೆ ಹೆದರಿದ್ರಿ?"

"ನಿಮಗ."

"ನನಗ? ನಮ್ಮ ಮನಿಯಾಗ ಬೆಕ್ಕೂ ಹೆದರಂಗಿಲ್ಲ!"

ಎಂಟು ದಿನದಿಂದ ಮುಚ್ಚಿಟ್ಟ ಲ್ಯಾಪ್‌ಟಾಪ್ ತಗದ್ರು. ಅವರು ಹೊರಟ ದಿನದ ತನಕದ ಮಳಿ ಅದರಾಗ ಹಂಗೇ ಇತ್ತು. ಅಂಕಿ ಓದ್ಕೊಂತ ಕುಂತೆ. ಒಂದೊಂದಕ್ಕೂ ಒಂದು ಸೆರಗಿನ ಸಪ್ಪಳ. ಮುಂದ ಗೂಡ್ಸ್ ಗಾಡಿ ಹೋದದ್ದೂ ಗೊತ್ತಾಗಲಿಲ್ಲ.

ಆಮ್ಯಾಲಿನ ಎಂಟು ದಿನ ಮಾತ್ರ ಎಲ್ಲೂ ಇಲ್ಲ.

ಮರುದಿನ ಮಾವಶಿ ಫೋನ್ ಮಾಡಿದಾಗ ಇದ್ದದ್ದು ಹೇಳಿದೆ. "ಅಂದಾಜು ಹೇಳ್ರಿ, ತುಂಬ್ತೀನಿ."

"ಅಂದಾಜೇ ಆಗೋದಿದ್ರ ನಾ ಯಾಕ ದಿನಾ ತೋಯ್ಸಿಕೊಂಡು ಅಳೀಲಿ, ಅಕ್ಕಾರ? ಖಾಲಿ ಬಿಡ್ರಿ."

ಖಾಲಿ ಬಿಟ್ಟೆ. ಕಮಿಟ್ಟಿನ ಮ್ಯಾಲೆ ಬರದೆ: ಈ ಎಂಟು ದಿನ ಮಳಿ ಬಿದ್ದೈತಿ, ಕಳದಾಕಿ ನಾನು.

"ಇವತ್ತಿಂದು ಬರಕೋರಿ," ಅಂತ ಅಂಕಿ ಹೇಳಿದ್ರು. ಮೂರಂಕಿ.

"ಬರಕೊಂಡೆ ಮಾವಶಿ."

ಕಿವಿಗೊಟ್ಟು ಕಾದೆ. ಪಾಟಿ ಒರಸೋ ಸಪ್ಪಳ ಬರಲಿಲ್ಲ.