ಗಂಜಿ ಕುಡಿಯದ ಪತಂಗ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳು ಡಿಗ್ರಿ ಮಾಡುವುದು ಆಗದ ಮಾತು ಎಂದವರು ಎಸ್ಟೇಟಿನಲ್ಲಿ ಹಾಜರಿ ಬರೆಯುತ್ತಿದ್ದ ರೈಟರು. ಹಾಗೆ ಹೇಳಿದ್ದು ಒಂದು ಹುಳದ ದೆಸೆಯಿಂದ.

ಬಣಕಲ್ ಹತ್ತಿರದ ತೋಟವದು. ಅಮ್ಮ ತೀರಿಕೊಂಡು ಹದಿನೈದು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಹಿತ್ತಲಿಗೆ ಹೋದರೆ, ಕಿತ್ತಳೆ ಗಿಡದ ಮೇಲೆ ಅಪ್ಪನ ಎರಡು ಅಂಗೈ ಅಗಲದ ಏನೋ ಒಂದು ರೆಕ್ಕೆ ಚಾಚಿ ಕೂತಿತ್ತು. ಥೇಟ್ ಅಮ್ಮನ ಕಾವಿ ಸೀರೆಯ ಬಣ್ಣ. ರೆಕ್ಕೆಯ ತುದಿ ಹಾವಿನ ತಲೆಯಂತೆ. ನಡುವೆ ಗಾಜಿನಂಥ ಕಿಟಕಿ, ಅದರಾಚೆಗಿನ ಎಲೆ ಕಾಣುತ್ತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಮನೆಯ ಕಡೆಗೇ ಮುಖ ಮಾಡಿತ್ತು.

ಅಮ್ಮನೇ ಬಂದಿದ್ದಾಳೆ ಎಂದಳು ಅಕ್ಕ. ಒಳಗೆ ಹೋಗಿ ಚಮಚದಲ್ಲಿ ಗಂಜಿ ತಂದು ಅದರ ಮುಂದೆ ಹಿಡಿದಳು. ಕೊನೆಯ ದಿನ ಅಮ್ಮನಿಗೆ ಗಂಜಿ ಕುಡಿಸಲು ಕೂತವಳೂ ಅವಳೇ. ಅಮ್ಮ ಮುಖ ತಿರುಗಿಸಿಕೊಂಡಿದ್ದಳು. ಈ ಹುಳವೂ ಕುಡಿಯಲಿಲ್ಲ. ಮೂರು ದಿನ ಅಕ್ಕ ಹಾಗೇ ಚಮಚ ಹಿಡಿದು ನಿಂತಳು.

"ನನ್ ಕೈಯಿಂದ ತಗೊಳ್ಳಲ್ಲ ಕಣೋ. ಕೋಪ ಅವ್ಳಿಗೆ."

ಅಪ್ಪ ಕೇಳಿಸಿಕೊಂಡು ಕೆಲಸಕ್ಕೆ ಹೋದರು. ನಾನು ರೈಟರನ್ನು ಕರೆತಂದೆ. ಅವರು ಬೇಲಿಯಾಚೆಯಿಂದಲೇ ನೋಡಿ, ಕಾಫಿ ಗಿಡ ಕೊರೆಯುವ ಬೋರರ್ ಅಲ್ಲ, ಅಷ್ಟು ಸಾಕು ಎಂದರು. ಹೆಸರೇನು, ಏನು ತಿನ್ನುತ್ತದೆ ಎಂದು ನಾನು ಬಿಡದೆ ಕೇಳಿದೆ.

"ಅದನ್ನೆಲ್ಲ ಡಿಗ್ರಿ ಮಾಡಿದವ್ರು ಹೇಳ್ಬೇಕು. ಲೈನಿನವ್ರು ಡಿಗ್ರಿ ಮಾಡಿದ್ದು ಉಂಟಾ ಮಾರಾಯ?" ಎಂದು ನಕ್ಕರು.

ನಾಲ್ಕನೇ ಬೆಳಿಗ್ಗೆ ಅದು ಗಿಡದ ಬುಡದಲ್ಲಿ ಬಿದ್ದಿತ್ತು, ಇರುವೆ ಮುತ್ತಿತ್ತು. ಆಮೇಲೆ ನಮ್ಮ ಮನೆಯಲ್ಲಿ ಗಂಜಿ ಬೇಯಲಿಲ್ಲ. ಅಕ್ಕ ಕಾಫಿ ಕೊಯ್ದು ನನ್ನನ್ನು ಓದಿಸಿದಳು. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಮಾತ್ರ ಕಿತ್ತಳೆ ಗಿಡಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದಳು.

ಮೊನ್ನೆ ಅಂಥದ್ದೇ ಒಂದು ಹುಳದ ಮುಂದೆ ನೀವು ಫೋನು ಹಿಡಿದ ಕೂಡಲೇ ಅದು 'ಅಟ್ಲಾಸ್ ಪತಂಗ' ಎಂದಿತು; ನೀವು ಇನ್ನೊಂದು ಹುಳ ಹುಡುಕಿಕೊಂಡು ಓಡಿದಿರಿ. ನನಗೆ ಆ ಹೆಸರು ಸಿಗಲು ಹನ್ನೆರಡು ವರ್ಷ ಹಿಡಿಯಿತು. ಚಿಕ್ಕಮಗಳೂರಿನ ಕಾಲೇಜಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಅದೇ ಕಾವಿ ರೆಕ್ಕೆ. ಡಿಗ್ರಿಯ ಸರ್ಟಿಫಿಕೇಟನ್ನು ಅಕ್ಕನ ಕೈಗಿಟ್ಟ ದಿನವೇ ಅದನ್ನೂ ಹೇಳಿದೆ: ಆ ಪತಂಗ ಕಂಬಳಿಹುಳುವಾಗಿದ್ದಾಗಲೇ ತಿನ್ನುವುದನ್ನೆಲ್ಲ ತಿಂದು ಮುಗಿಸಿರುತ್ತದೆ, ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ.

ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಸರ್ಟಿಫಿಕೇಟಿನ ಮೇಲೆ ಕೈಯಾಡಿಸಿದಳು.

"ಹಾಗಾದ್ರೆ ಅಮ್ಮಂಗೆ ಕೋಪ ಇರ್ಲಿಲ್ಲ," ಎಂದಳು.