ಹೆಡ್‌ಫೋನಿನೊಳಗಿನ ಟಕ್ ಟಕ್

ತಲೆಗೆ ಹೆಡ್‌ಫೋನ್ ಏರಿಸಿ ಸುಮ್ಮನೆ ಕುಳಿತವನಷ್ಟು ಬುದ್ಧಿವಂತನಾಗಿ ಕಾಣುವವನು ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ಕನ್ನಡಿ ನೋಡಿಯೇ ಇದನ್ನು ಖಾತ್ರಿ ಮಾಡಿಕೊಂಡಿದ್ದೇನೆ. ಎಡಗಡೆಯಿಂದ ನೋಡಿದರೆ ನಾನು ವಿಮಾನ ಓಡಿಸುವವನು, ಬಲಗಡೆಯಿಂದ ಟಿವಿಯಲ್ಲಿ ಸುದ್ದಿ ಓದುವವನು. ಒಳಗೆ ಏನು ಕೇಳಿಸುತ್ತಿದೆ ಎಂಬುದು ಮಾತ್ರ ನೋಡುವವರಿಗೆ ಗೊತ್ತಾಗುವುದಿಲ್ಲ. ನನಗೆ ಕೇಳಿಸುತ್ತಿದ್ದದ್ದು ಇಷ್ಟೆ: ಯಾರೋ ಉಗುರಿನಿಂದ ಖಾಲಿ ಡಬ್ಬಿ ಬಡಿಯುವ ಸಪ್ಪಳ. ಟಕ್. ಒಂದು ಉಸಿರು ಎಳೆದುಕೊಳ್ಳುವಷ್ಟು ಬಿಡುವು. ಮತ್ತೆ ಟಕ್.

ಇದನ್ನು ಸಹಿಸಿಕೊಂಡು ಇದ್ದುಬಿಡಬಹುದಿತ್ತು. ಆದರೆ ಅಥಣಿಯ ಕಾಮೆಂಟ್ರಿ ಕುರ್ಚಿ ಅದರ ಮೇಲೆಯೇ ನಿಂತಿತ್ತು. ನಮ್ಮ ಕಡೆ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಗಳು ಯೂಟ್ಯೂಬಿನಲ್ಲಿ ಲೈವ್ ಬರುತ್ತವೆ. ಕಾಮೆಂಟ್ರಿ ಮಾಡುವವನು ಒಂದೇ ಉಸಿರಿನಲ್ಲಿ ಎರಡು ಭಾಷೆ ಆಡಬೇಕು. ಚೆಂಡು ಮರಾಠಿಯಲ್ಲಿ ಏಳುತ್ತದೆ, ಕನ್ನಡದಲ್ಲಿ ಬೀಳುತ್ತದೆ. ಇದನ್ನೆಲ್ಲ ನಡೆಸುವವರು ನಿಪ್ಪಾಣಿಯ ಸಂಜು ದಾದಾ. ಅಥಣಿಯ ಪಂದ್ಯಕ್ಕೆ ಅವರಿಗೆ ಹೊಸ ದನಿ ಬೇಕಿತ್ತು. ನಮ್ಮೂರು ಅಲಖನೂರಿನಲ್ಲಿ ನನ್ನಷ್ಟು ವೇಗವಾಗಿ ಮಾತಾಡುವವರು ಯಾರೂ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ನಮ್ಮ ಸರ್ ಅವರ ದೂರು.

ದಾದಾ ಕಂಪ್ಯೂಟರಿನಲ್ಲಿ ಕರೆ ಮಾಡಿ, ಹಳೆಯ ಪಂದ್ಯವೊಂದನ್ನು ದನಿ ಇಲ್ಲದೆ ತೋರಿಸಿ ಮಾತಾಡು ಎಂದರು. ನಾನು ಬೌಲರನ ಮೀಸೆಯಿಂದ ಶುರು ಮಾಡಿದೆ. ಅವನು ಇನ್ನೂ ಓಡಿ ಬರುವಷ್ಟರಲ್ಲೇ ದಾದಾ ತಡೆದರು.

“ಹಿಂದ ಯಾರಲೇ ಮೊಳಿ ಬಡ್ಯಾಕತ್ತಾರು?”

“ಯಾರೂ ಇಲ್ರಿ ದಾದಾ.”

“ಮತ್ತ ಟಕ್ ಟಕ್ ಅಂತೈತಲ್ಲೋ. ಮಂದಿ ಮ್ಯಾಚ್ ಬಿಟ್ಟ ಅದನ್ನ ಎಣಸ್ಕೋತ ಕುಂದರ್ತಾರ. ರವಿವಾರ ಸಂಜೀಕ ಮತ್ತ ಹಚ್ಚತೇನಿ. ಅಷ್ಟರಾಗ ಅದನ್ನ ನಿಂದರಸು. ಇಲ್ಲಾಂದ್ರ ಕಾಗವಾಡದ ಹುಡುಗ ಒಬ್ಬಾಂವ ತಯಾರ ಅದಾನ.”

ಕಾಗವಾಡದ ಹುಡುಗನ ಮುಖ ನಾನು ನೋಡಿಲ್ಲ. ಆದರೂ ಆವತ್ತಿನಿಂದ ಅವನು ನನ್ನ ತಾಟಿನಲ್ಲೇ ಊಟಕ್ಕೆ ಕೂತಿರುತ್ತಿದ್ದ. ಇಂಟರ್ನೆಟ್ಟಿನಲ್ಲಿ ಏನೇನು ಹೇಳಿದೆಯೋ ಅದನ್ನೆಲ್ಲ ಮಾಡಿದೆ. ಹೆಡ್‌ಫೋನಿನ ಪಿನ್ ಕಿತ್ತು ಅಂಗಿಯ ತುದಿಯಿಂದ ಒರೆಸಿ ಹಾಕಿದೆ. ಕಂಪ್ಯೂಟರಿನ ಮುಂದಿನ ತೂತಿನಿಂದ ಹಿಂದಿನ ತೂತಿಗೆ ಬದಲಿಸಿದೆ. ಮೈಕಿನ ಬೂಸ್ಟ್ ಇಳಿಸಿದೆ. ಆಗ ಟಕ್ ಸಣ್ಣದಾಯಿತು, ಜೊತೆಗೆ ನಾನೂ ಸಣ್ಣವನಾದೆ, ಬಾವಿಯೊಳಗಿನಿಂದ ಕಾಮೆಂಟ್ರಿ ಹೇಳಿದಂತೆ. ಡ್ರೈವರ್ ಬದಲಿಸು ಎಂದಿದ್ದನ್ನು ಅವ್ವನ ಮುಂದೆ ಓದಿದಾಗ, “ನಮ್ಮ ಟ್ರ್ಯಾಕ್ಟರಿಗೇ ಡ್ರೈವರ್ ಸಿಗವಲ್ರು” ಎಂದಳು.

ಗೆಳೆಯ ರಾವಸಾಬ ಬಂದು ಹೊಸ ದಾರಿ ತೋರಿಸಿದ. “ಕಂಪ್ಯೂಟರ್ ಡಬ್ಬಿ ಕಬ್ಬಿಣಾ ಮುಟ್ಟಿ ನೋಡಲೇ.” ಮುಟ್ಟಿದೆ. ಅಲ್ಲಿಯವರೆಗೆ ಟಕ್ಕಿನ ಬೆನ್ನಿಗೆ ಗುಂಯ್ ಎಂಬ ಇನ್ನೊಂದು ಸಪ್ಪಳ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಅದು ನಿಂತಾಗಲೇ ಗೊತ್ತಾದದ್ದು. ಕೈ ತೆಗೆದರೆ ಗುಂಯ್, ಇಟ್ಟರೆ ಮೌನ. ಕಂಪ್ಯೂಟರಿಗೆ ಆಶೀರ್ವಾದ ಮಾಡುವ ಸ್ವಾಮಿಗಳ ಹಾಗೆ ಎಡಗೈ ಚಾಚಿ ಬಹಳ ಹೊತ್ತು ಕೂತೆ. ಟಕ್ ಮಾತ್ರ ಯಾವ ಆಶೀರ್ವಾದಕ್ಕೂ ಬಗ್ಗಲಿಲ್ಲ.

ಫ್ರಿಜ್ ಬಂದ್ ಮಾಡಿದೆ. ಹಾಲು ಕೆಟ್ಟು ಬೈಗುಳ ಸಿಕ್ಕಿತು. ಫ್ಯಾನ್ ಬಂದ್ ಮಾಡಿದೆ. ಬೆವರು ಸಿಕ್ಕಿತು. ಕೊನೆಗೆ ಊರಿನ ಕರೆಂಟೇ ಹೋಯಿತು. ಕಂಪ್ಯೂಟರ್ ಯುಪಿಎಸ್ ಮೇಲೆ ಉಳಿಯಿತು, ಮನೆಯ ಎಲ್ಲ ಯಂತ್ರಗಳೂ ಬಾಯಿ ಮುಚ್ಚಿದವು. ನಾನು ಗೆದ್ದೆ ಎಂದುಕೊಂಡು ಕಣ್ಣು ಮುಚ್ಚಿದೆ. ಟಕ್. ಕರೆಂಟ್ ಹೋದರೂ ಹೋಗದ ಈ ಸಪ್ಪಳ ನನ್ನೊಳಗಿನದೇ ಇರಬೇಕೆಂಬ ಅನುಮಾನ ಬಂದು ನಾಡಿ ಹಿಡಿದು ನೋಡಿದೆ. ನಾಡಿ ಕಬ್ಬಿನ ಲೋಡು ಇಳಿಸಿ ಖಾಲಿ ಬರುವ ಟ್ರ್ಯಾಕ್ಟರಿನಂತೆ ಓಡುತ್ತಿತ್ತು. ಟಕ್ಕಿಗೆ ಯಾವ ಅವಸರವೂ ಇರಲಿಲ್ಲ.

ಇಲ್ಲಿ ನನ್ನ ಜ್ಞಾನವನ್ನು ಸ್ವಲ್ಪ ತೋರಿಸುತ್ತೇನೆ; ಇಷ್ಟು ಓದಿದವರು ಇದನ್ನೂ ಸಹಿಸಿಕೊಳ್ಳಬೇಕು. ಬೇಡದ ಸಪ್ಪಳಕ್ಕೆ ಇಂಜಿನಿಯರುಗಳು ನಾಯ್ಸ್ ಎನ್ನುತ್ತಾರೆ. ಬೇಡ ಎಂದು ನಿರ್ಧರಿಸುವವರು ಯಾರು ಎಂಬುದೇ ಪ್ರಶ್ನೆ. ಹೊಲದಲ್ಲಿ ನಾವು ಬಿತ್ತದೇ ಇದ್ದದ್ದೆಲ್ಲ ಕಸ. ಅದೇ ಕಸದ ಹೊರೆ ಕಂಡರೆ ಆಡಿಗೆ ಮದುವೆ ಊಟ. ಮನುಷ್ಯ ಮೌನ ಬೇಕೆಂದು ತಪಸ್ಸಿಗೆ ಕಾಡಿಗೆ ಹೋದನಂತೆ. ಕಾಡಿನ ಜೀರುಂಡೆಗಳು ಅವನು ಬಂದ ದಿನ ಏನೆಂದುಕೊಂಡವೋ, ಯಾರೂ ಬರೆದಿಟ್ಟಿಲ್ಲ. ಆದರೆ ಇಂಥ ದೊಡ್ಡ ವಿಚಾರಗಳಿಂದ ಟಕ್ ನಿಲ್ಲುವುದಿಲ್ಲ. ನಾನು ನೋಡಿದ್ದೇನೆ.

ರವಿವಾರ ಮುಂಜಾನೆ ಅದು ತಾನಾಗಿಯೇ ನಿಂತಿತು. ನಾನು ಏನೂ ಮಾಡಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕಾಗವಾಡದ ಹುಡುಗನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ, ಅಷ್ಟೆ. ಒಮ್ಮೆಲೇ ಮೌನ. ಕಿಟಕಿಯಿಂದ ನೋಡಿದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬೇಲಿಯ ತಂತಿ ಎತ್ತಿ ಗೋವಿನಜೋಳದ ಹೊಲದೊಳಗೆ ಪುಂಡಿಪಲ್ಯ ಕೀಳಲು ನುಗ್ಗುತ್ತಿದ್ದಳು. ಉಡಿ ತುಂಬಿಕೊಂಡು ಹೊರಗೆ ಬಂದು ಗೋಡೆಯ ಮೇಲಿನ ಡಬ್ಬಿಯ ಸ್ವಿಚ್ ಒತ್ತಿದಳು. ಟಕ್.

ಝಟಕಾ ಮಷೀನ್. ದನ, ಹಂದಿ ಹೊಲಕ್ಕೆ ನುಗ್ಗದಂತೆ ಬೇಲಿಯ ತಂತಿಗೆ ಬಿಟ್ಟು ಬಿಟ್ಟು ಸಣ್ಣ ವಿದ್ಯುತ್ ಹೊಡೆತ ಕಳಿಸುವ ಡಬ್ಬಿ. ಸೋಲಾರ್ ಬ್ಯಾಟರಿಯ ಮೇಲೆ ನಡೆಯುತ್ತದೆ, ಅದಕ್ಕೇ ಊರಿನ ಕರೆಂಟಿನ ಹಂಗು ಅದಕ್ಕಿಲ್ಲ. ಅಪ್ಪ ಅದರ ಅರ್ಥಿಂಗಿಗೆ ಬೇರೆ ಗುಂಡಿ ತೋಡುವ ಬದಲು ಆ ವೈರನ್ನು ಮನೆಯ ಅರ್ಥಿಂಗಿಗೇ ಸುತ್ತಿಬಿಟ್ಟಿದ್ದ. ಹೀಗಾಗಿ ಎಮ್ಮೆಗೆಂದು ಹೊರಟ ಹೊಡೆತ ಪ್ರತಿ ಸಲವೂ ನನ್ನ ಕಿವಿಗೂ ಒಂದು ಪಾಲು ಕೊಟ್ಟು ಹೋಗುತ್ತಿತ್ತು.

ವೈರ್ ಬಿಚ್ಚಲು ಅಪ್ಪನೇ ಬೇಕು. ಅಪ್ಪ ಮಿರಜಿನ ದವಾಖಾನೆಯಲ್ಲಿದ್ದ ಮಾವನನ್ನು ನೋಡಲು ಹೋಗಿದ್ದ. ಹೋಗುವಾಗ, ತೆನೆಗೆ ಹಾಲು ತುಂಬಿದೆ, ಮಷೀನ್ ಬಂದ್ ಆಗಬಾರದು ಎಂದು ಮೂರು ಸಲ ಹೇಳಿ ಹೋಗಿದ್ದ. ಪಕ್ಕದ ಹೊಲದವರ ಎಮ್ಮೆಗಳು ದಿನಾ ಸಂಜೆ ನಮ್ಮ ಬದುವಿನ ಗುಂಟ ಮೇಯುತ್ತಾ, ತಂತಿಯ ಕಡೆ ಓರೆಗಣ್ಣಿನಿಂದ ನೋಡುತ್ತಾ ಹೋಗುವವು. ನಾನು ಅವ್ವನ ಮುಂದೆ ಅರ್ಜಿ ಇಟ್ಟೆ.

“ಅರ್ಧಾ ತಾಸ ಬಂದ್ ಮಾಡ್ಲೇನಬೇ?”

“ಅರ್ಧಾ ತಾಸನ್ಯಾಗ ಅವು ಅರ್ಧಾ ಹೊಲಾ ಹೊಡಕೊಂಡ ಹೊಕ್ಕಾವ. ನಿಮ್ಮಪ್ಪಗ ಯಾರ ಹೇಳಾವ್ರು, ನೀನೋ ನಾನೋ?”

ಪುಂಡಿಪಲ್ಯ ಸೋಸುತ್ತಿದ್ದ ಆಯಿ ತಲೆ ಎತ್ತದೆ ಕೇಳಿದಳು. “ಅದು ಚಾಲೂ ಇದ್ರ ನಿನ್ನ ಮಾತ ಅವರಿಗೆ ಕೇಳಂಗಿಲ್ಲೇನೋ?”

“ಕೇಳತೈತಿ ಆಯಿ. ಅದರ ಟಕ್ ಟಕ್ಕೂ ಕೇಳತೈತಿ.”

“ಹಂಗಾರ ಬಂದ್ ಮಾಡು. ನಾನೂ ನಿಮ್ಮವ್ವಾನೂ ಬಡಿಗಿ ಹಿಡಕೊಂಡ ನಿಂದರ್ತೇವಿ. ಈ ಡಬ್ಬಿ ಬರೂಕಿಂತ ಮೊದಲ ಹೊಲಾ ಯಾರ ಕಾದಿದ್ರು?”

ಹೀಗೆ ಆ ಸಂಜೆ ನಮ್ಮ ಮನೆಯ ಹೆಂಗಸರು ಬೇಲಿಯಾದರು. ಅವ್ವ ಒಂದು ಮೂಲೆಗೆ, ಆಯಿ ನನ್ನ ಕಿಟಕಿಯ ಎದುರಿನ ಬದುವಿಗೆ. ನಾನು ಮಷೀನ್ ಬಂದ್ ಮಾಡಿ, ಎಡಗೈಯಿಂದ ಕಬ್ಬಿಣ ಮುಟ್ಟಿಕೊಂಡು ಹೆಡ್‌ಫೋನ್ ಏರಿಸಿದೆ. ಒಳಗೆ ಅಂಥ ಮೌನ, ನನ್ನ ಎಂಜಲು ನುಂಗುವುದೇ ದೊಡ್ಡ ಸುದ್ದಿಯಾಗಿ ಕೇಳಿಸಿತು. ದಾದಾ ಪಂದ್ಯ ಹಚ್ಚಿದರು. ಬೌಲರ್ ಹೊರಟ, ನಾನೂ ಹೊರಟೆ.

ಚೆಂಡು ಬ್ಯಾಟಿಗೆ ತಾಗಿ ಬೌಂಡರಿಯ ಕಡೆ ಉರುಳುವ ಹೊತ್ತಿಗೆ ಕಿಟಕಿಯಿಂದ ಆಯಿಯ ದನಿ ಬಂತು. “ಬಂತ, ಬಂತ, ಒಳಗ ಬಿಡಬ್ಯಾಡ ಅದನ್ನ, ಅಡ್ಡ ಬಾರಬೇ.” ಅವ್ವನನ್ನು ಕರೆಯುತ್ತಿದ್ದಳು. ನಿಂತು ಕಿಟಕಿ ಮುಚ್ಚಬೇಕೆಂದರೆ ಕೈ ಕಬ್ಬಿಣದ ಮೇಲಿತ್ತು, ಕಣ್ಣು ಚೆಂಡಿನ ಮೇಲಿತ್ತು. ಬೇರೆ ದಾರಿ ಇರಲಿಲ್ಲ. ಆಯಿಯ ದನಿ ಮುಳುಗಿಹೋಗಲೆಂದು ನಾನು ಗಂಟಲು ಹರಿಯುವಂತೆ ಏರಿದೆ. ಮರಾಠಿ ಯಾವುದು, ಕನ್ನಡ ಯಾವುದು ನನಗೇ ತಿಳಿಯದಂತೆ ಫೀಲ್ಡರನನ್ನು ಓಡಿಸಿದೆ, ಬೀಳಿಸಿದೆ, ಎಬ್ಬಿಸಿ ಚೆಂಡು ಎಸೆಸಿದೆ. ಆಯಿ ಏರಿದಷ್ಟೂ ನಾನು ಏರಿದೆ. ಪಂದ್ಯ ಮುಗಿದಾಗ ದಾದಾ ಕೇಳಿದರು.

“ಹಿಂದ ಯಾರೋ ಅವರು?”

“ನಮ್ಮ ಆಯಿ ರಿ. ಎಮ್ಮಿ ಹೊಡ್ಯಾಕತ್ತಾಳ.”

ದಾದಾ ನಕ್ಕರು. ನಗು ನಿಲ್ಲಿಸಿ ಹೇಳಿದರು. “ಮೊನ್ನೆ ನೀ ಮ್ಯಾಚ್ ನೋಡಲಿಲ್ಲೋ, ಆ ಟಕ್ ಟಕ್ ಕೇಳ್ಕೋತ ಕುಂತಿದ್ದಿ. ಇವತ್ತ ಎಮ್ಮಿ ಬಂದ್ರೂ ಚೆಂಡ ಬಿಡಲಿಲ್ಲ. ಶನಿವಾರ ಅಥಣಿಗೆ ಬಾ. ಆಯೀನ ಮನ್ಯಾಗ ಬಿಟ್ಟ ಬಾ.”

ಮಷೀನ್ ಚಾಲೂ ಮಾಡಿ ಹೊಲದ ಕಡೆ ಓಡಿದೆ. ಆಯಿ ಬದುವಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದಳು. ಒಂದು ತೆನೆಯೂ ಮುರಿದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಬೆನ್ನು ಸವರಿದಳು.

“ದೊಡ್ಡ ಎಮ್ಮಿ ಒಂದು ತಂತಿ ಮಟ ಬಂದಿತ್ತಪಾ. ಬಡಿಗಿ ತೋರಿಸಿದ್ರ ಅಂಜಲಿಲ್ಲ. ನೀ ಒಳಗಿಂದ ಒದರಿದಿ ನೋಡು, ಬಾಲಾ ಎತಗೊಂಡ ಓಡಿ ಹೋತು. ಚಲೋ ಆತು, ನೀ ಮನ್ಯಾಗ ಇದ್ದಿ.”

ಅವಳ ದನಿಯನ್ನು ಮುಚ್ಚಲು ನಾನು ಕೂಗಿದ್ದೆ. ಅವಳಿಗೆ ಅದು ನೆರವಿಗೆ ಬಂದ ಕೂಗಾಗಿ ಕೇಳಿಸಿತ್ತು. ಇದನ್ನು ತಿದ್ದಿ ಹೇಳುವಷ್ಟು ಸತ್ಯವಂತ ನಾನಲ್ಲ. ಶನಿವಾರ ಅಥಣಿಗೆ ಕರೆದಿದ್ದಾರೆ, ಇಡೀ ದಿನ ಹೀಗೇ ಒದರಬೇಕು ಎಂದಷ್ಟೇ ಹೇಳಿದೆ.

ಆಯಿಗೆ ಹೆಮ್ಮೆಯೂ ಆಯಿತು, ಚಿಂತೆಯೂ ಆಯಿತು. “ಅಲ್ಲೆ ಅಷ್ಟ ಎಮ್ಮಿ ಅದಾವೇನೋ?”

“ಭಾಳ ಅದಾವ ಆಯಿ,” ಎಂದೆ.