ಹುಡುಕಾಟದ ಹೊತ್ತಿನ ಅವರೆಕಾಳು

ಗುಂಯ್ ಎನ್ನುವ ಆ ಸದ್ದು ಈಗಲೂ ಕಿವಿಯಲ್ಲಿದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಔಷಧಿ ಅಂಗಡಿಯ ಮಹಡಿ ಮೇಲಿನ ನಮ್ಮ ಪುಟ್ಟ ಆಫೀಸಿನಲ್ಲಿ, ಹಳೆಯ ಕಂಪ್ಯೂಟರ್ ರಕ್ತದಾನಿಗಳನ್ನು ಹುಡುಕುವಾಗ ಹೊರಡಿಸುತ್ತಿದ್ದ ಸದ್ದು. ಅದರ ನಡುವೆ ಚಟ್ ಚಟ್ ಎಂದು ಅವರೆಕಾಯಿ ಬಿರಿಯುತ್ತಿತ್ತು.

ನಾವಿಬ್ಬರು ವಾಲಂಟಿಯರ್‌ಗಳು. ತ್ಯಾಗರಾಜನಗರದಿಂದ ನಾನು, ಯಡಿಯೂರಿನಿಂದ ನನ್ನ ಗೆಳತಿ. ಬಾಯಿ ಮುಚ್ಚಿ ಕೂರುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಚೆನ್ನಾಗಿ ಕಲಿಸಿದ್ದರು. ಯಜಮಾನರು ಹೋದ ಮೇಲೆ ಮನೆಯಲ್ಲಿ ಆ ವಿದ್ಯೆ ಬೇಕಾದ್ದಕ್ಕಿಂತ ಹೆಚ್ಚೇ ಉಪಯೋಗಕ್ಕೆ ಬಂತು. ದಿನಕ್ಕೆ ನಾನು ಆಡುತ್ತಿದ್ದ ಮಾತೆಲ್ಲ ಆ ಮೇಜಿನ ಹಿಂದೆಯೇ.

ಆಸ್ಪತ್ರೆಯಿಂದ ಯಾರಾದರೂ ಫೋನ್ ಮಾಡಿ ಇಂಥ ಗ್ರೂಪ್ ಬೇಕು ಎಂದರೆ, ಆ ಗ್ರೂಪಿನಲ್ಲಿ ಇತ್ತೀಚೆಗೆ ಹೆಸರು ಕೊಟ್ಟವರನ್ನು ಹುಡುಕಬೇಕು. ಹಳಬರ ನಂಬರ್ ಬದಲಾಗಿರುತ್ತದೆ, ಫೋನ್ ಎತ್ತುವುದು ಹೊಸಬರೇ. ಬಟನ್ ಒತ್ತಿ ಕಾಯುವುದು. ಚಳಿಗಾಲದಲ್ಲಿ ಗೆಳತಿ ಚೀಲದ ತುಂಬ ಅವರೆಕಾಯಿ ತಂದು ಪೇಪರ್ ಮೇಲೆ ಸುರಿಯುತ್ತಿದ್ದರು. ಇಬ್ಬರೂ ಬಿಡಿಸುತ್ತ ಕೂತರೆ ಒಂದು ಹುಡುಕಾಟಕ್ಕೆ ಒಂದು ಹಿಡಿ ಕಾಳು ಆಗುತ್ತಿತ್ತು.

"ಕಾಯಿ ಬಿಡಿಸೋದು ಹೇಳ್ಕೊಡ್ಲಿಲ್ವೇನ್ರೀ ನಿಮ್ ಕಾನ್ವೆಂಟಲ್ಲಿ? ಹುಳಾನೂ ಸೇರಿಸಿ ಹಾಕ್ತಿದ್ದೀರಲ್ಲ!"

"ಪ್ರೋಟೀನ್ ಬಿಡ್ರೀ."

ಅವರು ನಗುತ್ತಿದ್ದರು. ಸ್ಕ್ರೀನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಒಂದು ದಿನ ಯಾರೋ ತಮ್ಮ ಅಣ್ಣನಿಗಾಗಿ ಫೋನ್ ಹಿಡಿದೇ ಕಾಯುತ್ತಿದ್ದರು. "ಸಿಕ್ತಾ ಮೇಡಂ? ಹಲೋ, ಮೇಡಂ?" ಆ ದಿನ ಇಬ್ಬರ ಕೈಯೂ ಕಾಯಿಯ ಕಡೆ ಹೋಗಲಿಲ್ಲ. ದಾನಿ ಸಿಕ್ಕರು, ಆದರೆ ತಡವಾಗಿ. ಮರುದಿನ ನಾನೇ ಸಂಘದ ಕಾರ್ಯದರ್ಶಿಗಳಿಗೆ ಹೇಳಿದೆ, ಹೀಗಾದರೆ ಕಷ್ಟ ಎಂದು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಕಾರ್ಯದರ್ಶಿಗಳ ಮಗಳು ಶನಿವಾರ ಬಂದು ಕೂತಳು.

"ಆಂಟಿ, ನಿಮಗೆ ಬೇಕಿರೋದು ಕೊನೇ ಹತ್ತು ಜನ. ಇದು ಇಷ್ಟು ವರ್ಷದ ಎಲ್ಲರನ್ನೂ ಎಬ್ಬಿಸಿ, ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಆಮೇಲೆ ಹತ್ತು ಜನರನ್ನ ಕಳಿಸ್ತಿದೆ. ಪ್ರತಿ ಸಲಾನೂ!"

"ಕೊನೇ ಪಂಕ್ತೀಲಿ ಕೂತೋರು ಯಾರು ಅಂದ್ರೆ, ಮೊದಲನೇ ಪಂಕ್ತಿಯಿಂದ ಎಲೆ ಎಣಿಸ್ದಂಗಾಯ್ತು" ಎಂದರು ನನ್ನ ಗೆಳತಿ.

"ಸೂಪರ್ ಆಂಟಿ, ಅದೇ! ಈಗ ಇಂಡೆಕ್ಸ್ ಹಾಕ್ತೀನಿ. ಒಂದೊಂದು ಗ್ರೂಪೂ ಬೇರೆ ಬೇರೆ, ಅದ್ರೊಳಗೆ ಹೊಸಬರು ಮೊದಲು. ಮೇಲಿನ ಹತ್ತು ತಗೊಂಡು ನಿಂತ್ಬಿಡುತ್ತೆ. ಇನ್ನೂ ಬೇಕಂದ್ರೆ ನಿಂತಲ್ಲಿಂದ ಮುಂದಕ್ಕೆ, ಮತ್ತೆ ಶುರುವಿನಿಂದ ಅಲ್ಲ."

ಬಟನ್ ಒತ್ತಿದೆ. ಕೈಯಲ್ಲಿದ್ದ ಕಾಯಿ ಬಿರಿಯುವ ಮೊದಲೇ ಹೆಸರುಗಳು ಬಂದವು. ಮೂವರೂ ಚಪ್ಪಾಳೆ ತಟ್ಟಿದೆವು.

ಮುಂದಿನ ವಾರ ಕಾರ್ಯದರ್ಶಿಗಳು, "ಇನ್ಮೇಲೆ ದಿನಕ್ಕೊಬ್ಬರು ಸಾಕು ಮೇಡಂ. ಇಬ್ಬರೂ ಯಾಕೆ ತೊಂದ್ರೆ ತಗೋತೀರಾ?" ಎಂದರು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ರೋಗಿಗಳಿಗೆ ಬೇಗ ರಕ್ತ ಸಿಗುತ್ತಿರುವಾಗ ಬೇಜಾರು ಪಡುವುದು ಅನ್‌ಚಾರಿಟಬಲ್, ಅಂದರೆ ದಯೆಯಿಲ್ಲದ್ದು, ಎಂದಿರುತ್ತಿದ್ದರು ನಮ್ಮ ಸಿಸ್ಟರ್‌ಗಳು. ಸರಿ ಎಂದೆ. ಗೆಳತಿಯೂ ಸರಿ ಎಂದರು. ದಿನ ಬಿಟ್ಟು ದಿನ ಹಂಚಿಕೊಂಡೆವು. ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದುಂಟು. ಕೈಗೆ ಕೆಲಸವಿಲ್ಲದೆ ಇಬ್ಬರಿಗೂ ಮಾತು ಹೊರಡಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅವರು ತಂಗಿಯ ಜೊತೆ ಇರಲು ಮೈಸೂರಿಗೆ ಹೋದರೆಂದು ಆಮೇಲೆ ತಿಳಿಯಿತು.

ಕೊನೆಯ ಸಲ ನೋಡಿದ್ದು ಸಂಕ್ರಾಂತಿಗೆ ಮುಂಚೆ, ನನ್ನ ಪಾಳಿಯ ದಿನ. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಅಯ್ಯೋ, ಇವತ್ತು ನಿಮ್ ದಿನ ಅಲ್ವೇನ್ರೀ? ಮರ್ತೇಬಿಟ್ಟೆ."

ಮರೆಯುವವರಲ್ಲ ಅವರು. ಕೂತ್ಕೊಳ್ಳಿ ಎನ್ನುವಷ್ಟರಲ್ಲಿ ಫೋನ್ ಬಂತು, ಬಿ ನೆಗೆಟಿವ್ ಬೇಕಂತೆ. ಬಟನ್ ಒತ್ತಿದ ಕೂಡಲೇ ಹೆಸರುಗಳು ಎದುರಿಗಿದ್ದವು, ಡಯಲ್ ಮಾಡಲೇಬೇಕಲ್ಲ. ಅವರು ಸ್ಕ್ರೀನ್ ನೋಡಿದರು, ಮೇಜಿನ ಮೇಲೆ ಒಂದಷ್ಟು ಕಾಯಿ ಸುರಿದರು, ಬರ್ತೀನಿ ಎಂದು ಕೈಸನ್ನೆ ಮಾಡಿ ಮೆಟ್ಟಿಲಿಳಿದರು.

ದಾನಿಯೊಬ್ಬರನ್ನು ಒಪ್ಪಿಸಿ ಕಿಟಕಿಗೆ ಬಂದಾಗ ಅವರು ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದರು, ಮಡಿಲಲ್ಲಿ ಚೀಲ. ಒಂದು ಕಾಯಿ ತೆಗೆದು ಬಿಡಿಸಿ, ಕಾಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಂಗೈಯಲ್ಲೇ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಬಸ್ ಬಂತು.